ತೊಗರಿ ಸೀಸನ್‌ನಲ್ಲಿ ಪ್ರಾಮಿಥಿಯಸ್, ಅಲರ್ಟ್‌ಮ್ಯಾನೇಜರ್: ಕೆಲವು ವರ್ಷ ಬಳಸಿದ ಮೇಲೆ

ಕಲಬುರಗಿಯ ದಾಲ್ ಮಿಲ್‌ಗಳಿಗೆ, ಅಡತಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುವುದು ನಮ್ಮ ಕೆಲಸ. ಕಾಟಾದ ಮೇಲೆ ಮಾಲು ತೂಗಿದ ಕೂಡಲೇ ಆ ತೂಕ ಒಂದು ಮೆಸೇಜ್ ಆಗಿ, ಮೆಸೇಜ್‌ಗಳನ್ನು ಸಾಲಿನಲ್ಲಿಟ್ಟು ಹಂಚುವ ಸಾಫ್ಟ್‌ವೇರ್ ಆದ ರ್‍ಯಾಬಿಟ್‌ಎಂಕ್ಯೂಗೆ ಬರುತ್ತದೆ. ಅಲ್ಲಿಂದ ಬಿಲ್‌ಗೆ ಒಂದು ಕ್ಯೂ (ಮೆಸೇಜ್‌ಗಳ ಸಾಲು), ಸ್ಟಾಕ್‌ಗೆ ಒಂದು, ರೈತರ ಎಸ್‌ಎಂಎಸ್‌ಗೆ ಇನ್ನೊಂದು. ಯಾವುದಾದರೂ ಕ್ಯೂನಲ್ಲಿ ಮೆಸೇಜ್ ಕಟ್ಟಿಕೊಂಡರೆ ಮಿಲ್‌ನವರಿಗಿಂತ ಮೊದಲು ನಮಗೆ ಗೊತ್ತಾಗಬೇಕು, ಅಲ್ವಾ? ಅದಕ್ಕೆ ಅಂಕಿಗಳನ್ನು ಕಲೆಹಾಕಿ ನಮ್ಮ ರೂಲ್ ಪ್ರಕಾರ ಪರೀಕ್ಷಿಸುವ ಪ್ರಾಮಿಥಿಯಸ್, ಎಚ್ಚರಿಕೆಯ ಸಂದೇಶ ಕಳಿಸುವ ಅಲರ್ಟ್‌ಮ್ಯಾನೇಜರ್, ಗ್ರಾಫ್ ಆಗಿ ಕಣ್ಣಿಗೆ ಕಾಣಲು ಗ್ರಫಾನಾ ಇಟ್ಟುಕೊಂಡು ಕೆಲವು ವರ್ಷ ಆಯಿತು. 5ಕ್ಕೆ 4 ಅಂಕ ಕೊಡುತ್ತೇನೆ.

ಹಾಕಿಕೊಳ್ಳುವುದು ಸುಲಭ. ರ್‍ಯಾಬಿಟ್‌ಎಂಕ್ಯೂ 3.8 ಆವೃತ್ತಿಯಿಂದ ಪ್ರಾಮಿಥಿಯಸ್ ಪ್ಲಗಿನ್ ಜೊತೆಗೇ ಬರುತ್ತದೆ. ಆನ್ ಮಾಡಿದರೆ 15692ನೇ ಪೋರ್ಟ್‌ನಲ್ಲಿ ಎಲ್ಲ ಅಂಕಿಗಳೂ ಸಿಗುತ್ತವೆ. ಆದರೆ ಮಾಮೂಲಿ ವಿಳಾಸದಲ್ಲಿ ಬರುವುದು ಎಲ್ಲ ಕ್ಯೂಗಳ ಒಟ್ಟು ಮೊತ್ತ. ಯಾವ ಕ್ಯೂ ಕಟ್ಟಿಕೊಂಡಿದೆ ಅಂತ ಅದರಿಂದ ತಿಳಿಯಲ್ಲ. ಕ್ಯೂವಾರು ಲೆಕ್ಕಕ್ಕೆ ಬೇರೆ ವಿಳಾಸ ಇದೆ. ಸಾವಿರಾರು ಕ್ಯೂ ಇದ್ದವರು ಅದನ್ನು ಪೂರ್ತಿ ಎಳೆದರೆ ಸರ್ವರ್‌ಗೇ ಭಾರ. ಬೇಕಾದ ಗುಂಪಿನ ಅಂಕಿಗಳನ್ನಷ್ಟೇ ಕೇಳುವ ಸೌಲಭ್ಯವೂ ಇದೆ, ನಾವು ಅದನ್ನೇ ಬಳಸುತ್ತೇವೆ.

ಎಲ್ಲರೂ ಮೊದಲು ಬರೆಯುವ ರೂಲ್ ಒಂದೇ: ಕ್ಯೂನಲ್ಲಿ 1,000ಕ್ಕಿಂತ ಜಾಸ್ತಿ ಮೆಸೇಜ್ ಇದ್ದರೆ ಅಲರ್ಟ್ ಕೊಡು. ನಮ್ಮ ಕಡೆ ಇದು ನಡೆಯಲ್ಲ. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಇಂಟರ್ನೆಟ್ ಲೈನ್ ಕಟ್ಟಾದರೆ ಅಂಗಡಿಯ ಕಂಪ್ಯೂಟರ್ ತೂಕಗಳನ್ನೆಲ್ಲ ತನ್ನಲ್ಲೇ ಕೂಡಿಟ್ಟುಕೊಳ್ಳುತ್ತದೆ. ಲೈನ್ ಬಂತು ಅಂದರೆ ಒಮ್ಮೆಲೇ ಕಳಿಸುತ್ತದೆ. ಕ್ಯೂ ದಿಢೀರನೆ ಏರುತ್ತದೆ, ಅಲರ್ಟ್ ಬಡಿದುಕೊಳ್ಳುತ್ತದೆ. ಲ್ಯಾಪ್‌ಟಾಪ್ ತೆಗೆದು ನೋಡುವಷ್ಟರಲ್ಲಿ ಎಲ್ಲ ಖಾಲಿ. ಜನವರಿಯಲ್ಲಿ ಮಾರುಕಟ್ಟೆಗೆ ತೊಗರಿ ಜೋರಾಗಿ ಬರುವಾಗ ದಿನವೂ ಇದೇ ಕಥೆ. ಆಮೇಲೆ ಅಲರ್ಟ್ ಬಂದರೂ ಯಾರೂ ಫೋನ್ ಎತ್ತಿ ನೋಡಲ್ಲ.

ಇದರ ಉಲ್ಟಾನೂ ಆಗುತ್ತದೆ. ಎಸ್‌ಎಂಎಸ್ ಕ್ಯೂನಲ್ಲಿ ಇರುವುದು ಬರೀ 200. ಆದರೆ ಆಚೆ ಕಡೆಯ ಗೇಟ್‌ವೇ ತೆವಳುತ್ತಿರುತ್ತದೆ. ರೂಲ್ ಪ್ರಕಾರ ಎಲ್ಲ ಸರಿ. ಅಷ್ಟರಲ್ಲಿ ಅಡತಿ ಅಂಗಡಿಯಿಂದ ಫೋನ್: "ಮೆಸೇಜ್ ಬಂದಿಲ್ರೀ ಸರ್, ರೈತ್ರು ಅಂಗಡಿ ಬಿಟ್ಟು ಏಳವಲ್ರು."

ಪ್ರಾಮಿಥಿಯಸ್ ನನಗೆ ಹಿಡಿಸಿದ್ದು ಇಲ್ಲಿ. ರೂಲ್ ಒಳಗೇ ಭಾಗಾಕಾರ ಮಾಡಬಹುದು. ಕ್ಯೂನಲ್ಲಿರುವ ಮೆಸೇಜ್‌ಗಳನ್ನು, ಕಳೆದ 5 ನಿಮಿಷದಲ್ಲಿ ಸೆಕೆಂಡಿಗೆ ಎಷ್ಟು ಆ್ಯಕ್ (ಕೆಲಸ ಮುಗಿಯಿತು ಎಂಬ ಖಾತ್ರಿ) ಆದವೋ ಅದರಿಂದ ಭಾಗಿಸಿದರೆ ಖಾಲಿಯಾಗಲು ಬೇಕಾದ ಹೊತ್ತು ಸಿಗುತ್ತದೆ. 3,000 ಮೆಸೇಜ್ ಇದ್ದು ಸೆಕೆಂಡಿಗೆ 10 ಮುಗಿಯುತ್ತಿದ್ದರೆ 5 ನಿಮಿಷ, ಸುಮ್ನೆ ಬಿಡಿ. 200 ಇದ್ದು 10 ಸೆಕೆಂಡಿಗೆ ಒಂದು ಮಾತ್ರ ಮುಗಿಯುತ್ತಿದ್ದರೆ ಅರ್ಧ ಗಂಟೆ ದಾಟುತ್ತದೆ, ಎದ್ದು ನೋಡಲೇಬೇಕು. ರೆಡಿ (ಇನ್ನೂ ಯಾರೂ ತೆಗೆದುಕೊಳ್ಳದ ಮೆಸೇಜ್) ಅಂಕಿ ಒಂದನ್ನೇ ನಂಬಬೇಡಿ, ಅನ್‌ಆ್ಯಕ್ಡ್ (ತೆಗೆದುಕೊಂಡರೂ ಆ್ಯಕ್ ಆಗದವು) ಕೂಡ ಸೇರಿಸಿ. ಪ್ರಿಫೆಚ್ ಮಿತಿ (ಒಮ್ಮೆಗೆ ಎಷ್ಟು ಮೆಸೇಜ್ ಇಟ್ಟುಕೊಳ್ಳಬಹುದು ಎಂಬ ಮಿತಿ) ಹಾಕದ ಕನ್ಸ್ಯೂಮರ್, ಅಂದರೆ ಕ್ಯೂನಿಂದ ಮೆಸೇಜ್ ತೆಗೆದು ಕೆಲಸ ಮಾಡುವ ಪ್ರೋಗ್ರಾಂ, ಇದ್ದಬದ್ದ ಮೆಸೇಜ್ ಎಲ್ಲ ಬಾಚಿಕೊಂಡು ಕೂತಿರುತ್ತದೆ. ರೆಡಿ ಸೊನ್ನೆ ತೋರಿಸುತ್ತದೆ, ಕೆಲಸ ಮಾತ್ರ ಒಂದೂ ಆಗಿರಲ್ಲ.

ಈ ರೂಲ್‌ನಲ್ಲಿ ಒಂದು ಗುಂಡಿ ಇದೆ. ಕನ್ಸ್ಯೂಮರ್ ಸಿಕ್ಕಿಹಾಕಿಕೊಂಡು ಸೊನ್ನೆ ವೇಗದಲ್ಲಿದ್ದರೆ ತೊಂದರೆ ಇಲ್ಲ. ಸೊನ್ನೆಯಿಂದ ಭಾಗಿಸಿದರೆ ಪ್ರಾಮಿಥಿಯಸ್ ಎರರ್ ಕೊಡಲ್ಲ, ಅನಂತ ಅನ್ನುತ್ತದೆ. ಅನಂತ ಯಾವ ಮಿತಿಗಿಂತಲೂ ಜಾಸ್ತಿಯೇ, ಅಲರ್ಟ್ ಬರುತ್ತದೆ. ಆದರೆ ಕನ್ಸ್ಯೂಮರ್ ಪ್ರೋಗ್ರಾಂ ಪೂರ್ತಿ ಸತ್ತರೆ ಕ್ಯೂ ಸರ್ವರ್ ಜೊತೆಗಿನ ಅದರ ಸಂಪರ್ಕ, ಅಂದರೆ ಚಾನೆಲ್, ಮುಚ್ಚುತ್ತದೆ. ಆ ಚಾನೆಲ್‌ನ ಆ್ಯಕ್ ಲೆಕ್ಕವೂ ಅದರ ಜೊತೆ ಮಾಯ. ಭಾಗಿಸಲು ಕೆಳಗಿನ ಸಂಖ್ಯೆಯೇ ಇಲ್ಲ, ಹಾಗಾಗಿ ಉತ್ತರವೂ ಇಲ್ಲ. ಉತ್ತರ ಇಲ್ಲದಿದ್ದರೆ ಅಲರ್ಟೂ ಇಲ್ಲ. ಗ್ರಫಾನಾದಲ್ಲಿ ಗೆರೆ ಅರ್ಧಕ್ಕೇ ನಿಲ್ಲುತ್ತದೆ, ಅಷ್ಟೇ. ಎಲ್ಲಕ್ಕಿಂತ ಕೆಟ್ಟ ಹೊತ್ತಿನಲ್ಲೇ ರೂಲ್ ಮೂಗನಾಗುತ್ತದೆ. ಅದಕ್ಕೆ ಇನ್ನೊಂದು ರೂಲ್ ಜೊತೆಗಿರಲೇಬೇಕು: ಕ್ಯೂನಲ್ಲಿ ಮೆಸೇಜ್ ಇದ್ದು ಕನ್ಸ್ಯೂಮರ್ ಸೊನ್ನೆ ಆದರೆ ಅಲರ್ಟ್ ಕೊಡು. ಇದನ್ನೆಲ್ಲ ನಾವೇ ಯೋಚಿಸಿ ಬರೆಯಬೇಕು. ನಾನು ಅಂಕ ಕಡಿಮೆ ಮಾಡಿದ್ದು ಹೆಚ್ಚಾಗಿ ಇದಕ್ಕೇ.

ಮೆಮೊರಿ, ಡಿಸ್ಕ್ ಅಲಾರಂಗೂ ರೂಲ್ ಹಾಕಿ. ನಮ್ಮ 3.x ಆವೃತ್ತಿಯಲ್ಲಿ ಮೆಷಿನ್‌ನ 40% ಮೆಮೊರಿ ದಾಟಿದರೆ ರ್‍ಯಾಬಿಟ್‌ಎಂಕ್ಯೂ ಮೆಸೇಜ್ ಕಳಿಸುವವರನ್ನೇ ತಡೆದು ನಿಲ್ಲಿಸುತ್ತದೆ. ಆಗ ಕ್ಯೂ ಬೆಳೆಯುವುದೂ ನಿಲ್ಲುತ್ತದೆ, ಗ್ರಾಫ್ ನೋಡಿದವರಿಗೆ ಎಲ್ಲ ಹತೋಟಿಯಲ್ಲಿದೆ ಅನಿಸುತ್ತದೆ. ಅತ್ತ ತೂಕದ ಪರದೆ ಹಾಗೇ ನಿಂತಿರುತ್ತದೆ. ಮಿಲ್‌ನಿಂದ ಬರುವ ಫೋನ್‌ನಲ್ಲಿ ಕ್ಯೂ ಮಾತೇ ಇರಲ್ಲ. "ಕಾಟಾ ಕೆಟ್ಟದ ನೋಡ್ರಿ ಸರ್" ಅಂತಾರೆ, ಕಾಟಾ ರಿಪೇರಿಯವರನ್ನೂ ಕರೆಸಿರುತ್ತಾರೆ. ಡಿಸ್ಕ್‌ನಲ್ಲಿ ಉಳಿದಿರಬೇಕಾದ ಖಾಲಿ ಜಾಗಕ್ಕೆ ಡೀಫಾಲ್ಟ್ ಮಿತಿ 50 ಎಂಬಿ. ಇವತ್ತಿನ ಕಾಲಕ್ಕೆ ಅದು ಏನಕ್ಕೂ ಸಾಲದು, ನಾವು ಜಿಬಿ ಲೆಕ್ಕಕ್ಕೆ ಏರಿಸಿದ್ದೇವೆ.

ಅಲರ್ಟ್‌ಮ್ಯಾನೇಜರ್ ಬಗ್ಗೆ ದೂರು ಕಡಿಮೆ. ಹತ್ತಾರು ಅಂಗಡಿಗಳ ಲೈನ್ ಒಟ್ಟಿಗೆ ಹೋದರೆ ಎಲ್ಲವನ್ನೂ ಸೇರಿಸಿ ಒಂದೇ ಸಂದೇಶ ಕಳಿಸುತ್ತದೆ. ಸೈಲೆನ್ಸ್ (ಸ್ವಲ್ಪ ಹೊತ್ತು ಅಲರ್ಟ್ ಬಾರದಂತೆ ಮಾಡುವುದು) ಹಾಕಿದರೆ ಹೇಳಿದ ಹೊತ್ತಿಗೆ ತಾನೇ ತೆರೆದುಕೊಳ್ಳುತ್ತದೆ, ಮರೆತರೂ ಚಿಂತೆ ಇಲ್ಲ. 0.24 ಆವೃತ್ತಿಯಿಂದ ಟೆಲಿಗ್ರಾಂಗೆ ನೇರವಾಗಿ ಹೋಗುತ್ತದೆ. ಬಗೆಹರಿಯದ ಅಲರ್ಟನ್ನು ಮತ್ತೆ ನೆನಪಿಸುವುದು ಮಾತ್ರ ಡೀಫಾಲ್ಟ್ ಆಗಿ 4 ಗಂಟೆಗೊಮ್ಮೆ. ಸೀಸನ್‌ನಲ್ಲಿ 4 ಗಂಟೆ ಅಂದರೆ ಅರ್ಧ ದಿನದ ವ್ಯಾಪಾರ, ಬಿಲ್ ಕ್ಯೂಗೆ ಅರ್ಧ ಗಂಟೆ ಮಾಡಿಕೊಂಡಿದ್ದೇವೆ. ರಾತ್ರಿ ಫೋನ್ ಮಾಡಿ ಎಬ್ಬಿಸುವ ಕೆಲಸ ಇದರ ಕೈಲಾಗದು. ಅದಕ್ಕೆ ಬೇರೆ ಸೇವೆ ಜೋಡಿಸಬೇಕು, ಅದಕ್ಕೆ ದುಡ್ಡು ಬೇರೆ.

ಪ್ರಾಮಿಥಿಯಸ್ ಡೀಫಾಲ್ಟ್ ಆಗಿ 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ತೊಗರಿ ಬರುವುದು ವರ್ಷಕ್ಕೊಮ್ಮೆ. ಹೋದ ಜನವರಿಯಲ್ಲಿ ಎಷ್ಟು ಒತ್ತಡ ಇತ್ತು ಅಂತ ನೋಡಿ ಈ ಸಲ ಎಷ್ಟು ಕನ್ಸ್ಯೂಮರ್ ಬೇಕು ಅಂತ ಲೆಕ್ಕ ಹಾಕುವ ನಮ್ಮಂಥವರಿಗೆ ಅದು ಸಾಲುವುದಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದೇವೆ. ಡಿಸ್ಕ್ ನಾನು ಹೆದರಿದಷ್ಟೇನೂ ತಿನ್ನಲಿಲ್ಲ.

ಇನ್ನೊಂದು ವಿಷಯ. ಕಾವಲುಗಾರನೂ ಅದೇ ಸರ್ವರ್ ರೂಮಿನಲ್ಲಿದ್ದರೆ ಮೇ ತಿಂಗಳ ಕಲಬುರಗಿ ಬಿಸಿಲಿಗೆ ಎಸಿ ಕೈಕೊಟ್ಟಾಗ ಎಲ್ಲ ಒಟ್ಟಿಗೆ ಮಲಗುತ್ತವೆ. ಹಾಗಾಗಿ ಯಾವಾಗಲೂ ಬರುತ್ತಲೇ ಇರುವ ಒಂದು ಅಲರ್ಟನ್ನು ಬೇರೆ ಊರಿನ ಸಣ್ಣ ಸರ್ವರ್‌ಗೆ ಕಳಿಸುತ್ತೇವೆ. ಅದು ಬರುವುದು ನಿಂತರೆ ಅಲ್ಲಿಂದ ನಮಗೆ ಸುದ್ದಿ.

ಲೈಸೆನ್ಸ್‌ಗೆ ಒಂದು ರೂಪಾಯಿಯೂ ಖರ್ಚಿಲ್ಲ. ಖರ್ಚು ಇರುವುದು ಪ್ರಾಮ್‌ಕ್ಯೂಎಲ್ (ಈ ರೂಲ್‌ಗಳನ್ನು ಬರೆಯುವ ಭಾಷೆ) ಬಲ್ಲ ಒಬ್ಬರ ಸಂಬಳಕ್ಕೆ. ಒಂದೆರಡು ಕ್ಯೂ ಇದ್ದವರಿಗೆ ಇಷ್ಟೆಲ್ಲ ಬೇಡ, 15672ನೇ ಪೋರ್ಟ್‌ನಲ್ಲಿರುವ ರ್‍ಯಾಬಿಟ್‌ಎಂಕ್ಯೂ ಮ್ಯಾನೇಜ್‌ಮೆಂಟ್ ಪುಟ, ಜೊತೆಗೊಂದು ಸಣ್ಣ ಸ್ಕ್ರಿಪ್ಟ್ ಸಾಕು. ಇಂಥದ್ದೇ ಮೆಸೇಜ್ ಕೆಲಸಕ್ಕೆ ಕಾಫ್ಕಾ ಎಂಬ ಸಾಫ್ಟ್‌ವೇರ್ ಬಳಸುವವರು ಈ ರೂಲ್‌ಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಅಲ್ಲಿ ಓದಿದ ಮೆಸೇಜ್ ಅಳಿಯುವುದಿಲ್ಲ, ನೋಡಬೇಕಾದ್ದು ಕನ್ಸ್ಯೂಮರ್ ಗ್ರೂಪ್ ಎಷ್ಟು ಹಿಂದೆ ಬಿದ್ದಿದೆ ಅನ್ನೋ ಲ್ಯಾಗ್. ಆ ಅಂಕಿಯನ್ನು ಪ್ರಾಮಿಥಿಯಸ್‌ಗೆ ಕೊಡಲು ಎಕ್ಸ್‌ಪೋರ್ಟರ್ ಎಂಬ ಬೇರೆ ಪ್ರೋಗ್ರಾಂ ಬೇಕು.