ತೋಟದ ಮನೆಗೆ ಕೋವಿ: ಕಡಿಮೆ ದುಡ್ಡಿಗೆ ಯಾವುದು ಸೈ, ಯಾವುದು ಬೇಡ

ಮಲೆನಾಡು, ಕೊಡಗಿನ ಕಡೆ ಬೆಳೆ ಕಾವಲಿಗೂ ಮನೆ ಭದ್ರತೆಗೂ ಕೋವಿ ಕೊಳ್ಳಲು ಹೊರಟವರ ಮುಂದೆ ನಿಜವಾಗಿ ಇರುವ ದಾರಿ ನಾಲ್ಕು. ಮುಂಗೇರ್, ಜಮ್ಮು ಕಡೆಯ ಖಾಸಗಿ ಕಾರ್ಖಾನೆಗಳ ಹೊಸ 12 ಬೋರ್ (ಬೋರ್ ಅಂದರೆ ನಳಿಗೆಯ ರಂಧ್ರದ ಅಳತೆ) ಕೋವಿ, ಅದು ಒಂಟಿ ನಳಿಗೆಯದಾಗಲಿ ಜೋಡು ನಳಿಗೆಯದಾಗಲಿ; ಯಾರದೋ ಮನೆಯಿಂದ ಹೊರಬಿದ್ದ ಹಳೆಯ ವಿಲಾಯ್ತಿ ಜೋಡು ನಳಿಗೆ; ಸರ್ಕಾರಿ ಆರ್ಡ್‌ನೆನ್ಸ್ ಫ್ಯಾಕ್ಟರಿಯ ಪಂಪ್ ಆ್ಯಕ್ಷನ್, ಅಂದರೆ ಮುಂದಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ (ಕಾರ್ಟ್ರಿಜ್) ತುಂಬುವ ಕೋವಿ; ಅದೇ ಬಳಗದ .315 ರೈಫಲ್. ಹೊರದೇಶದ ಕೋವಿಗಳ ಆಮದು ಎಂಬತ್ತರ ದಶಕದಲ್ಲೇ ನಿಂತುಹೋದ್ದರಿಂದ ಹೆಸರುವಾಸಿ ಇಂಗ್ಲಿಷ್, ಬೆಲ್ಜಿಯಂ ಕೋವಿಗಳಿಗೆ ಈಗ ಇರುವುದು ಹೆಸರಿನ ಬೆಲೆ. ಆ ಬೆಲೆಗೂ ಕೋವಿ ಇರುವ ಸ್ಥಿತಿಗೂ ಸಂಬಂಧ ಇರಲೇಬೇಕೆಂದೇನೂ ಇಲ್ಲ.

ತೀರ್ಮಾನ ಮೊದಲೇ ಹೇಳಿಬಿಡೋಣ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಒಳ್ಳೆಯ ಹೊಸ ಒಂಟಿ ನಳಿಗೆ ತಗೊಳ್ಳಿ. ಇನ್ನೊಂದಿಷ್ಟು ಹೊಂದಿಸಬಹುದಾದರೆ ಸರಿಯಾಗಿ ಪರೀಕ್ಷೆ ಮಾಡಿದ ಸೆಕೆಂಡ್ ಹ್ಯಾಂಡ್ ಜೋಡು ನಳಿಗೆ. ಎರಡೂ ಬಿಟ್ಟು ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವ ಹೊಸ ಜೋಡು ನಳಿಗೆಗೆ ಮಾತ್ರ ಕೈ ಹಾಕಬೇಡಿ. ಕಾರಣ ಸರಳ. ಎರಡು ನಳಿಗೆಗಳನ್ನು ಬೆಸೆದು, ಎರಡರ ಈಡೂ ಒಂದೇ ಜಾಗಕ್ಕೆ ಬೀಳುವಂತೆ ಹೊಂದಿಸುವುದೇ ಜೋಡು ಕೋವಿಯ ದುಬಾರಿ ಕೆಲಸ. ಬೆಲೆ ಇಳಿಸಬೇಕಾದರೆ ಮೊದಲು ಕೈಬಿಡುವುದೂ ಅದನ್ನೇ. ಹಾಗಾಗಿ ಎಡ ನಳಿಗೆಯ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ಒಂದು ಕಡೆ, ಬಲ ನಳಿಗೆಯದು ಇನ್ನೊಂದು ಕಡೆ. ಕುದುರೆ (ಬಡಿಯುವ ಸುತ್ತಿಗೆ), ಸ್ಪ್ರಿಂಗು, ಪಿನ್ನು ಎಲ್ಲವೂ ಎರಡೆರಡು ಬೇಕಲ್ಲ, ಅಲ್ಲೂ ಕಳಪೆ ಉಕ್ಕು ನುಸುಳುತ್ತದೆ. ಅಷ್ಟೇ ದುಡ್ಡಿಗೆ ಸಿಗುವ ಒಂಟಿ ನಳಿಗೆಯಲ್ಲಿ ನಳಿಗೆಯೂ ಲಾಕೂ (ಈಡು ಹೊಡೆಯುವ ಯಂತ್ರ) ಒಂದು ದರ್ಜೆ ಮೇಲಿರುತ್ತವೆ. ಕೆಟ್ಟರೆ ಊರಿನ ಪರವಾನಗಿ ಇರುವ ರಿಪೇರಿಯವರೇ ಸರಿಮಾಡಿ ಕೊಡುತ್ತಾರೆ.

ಆಯ್ಕೆಯಲ್ಲಿ ಅವಸರ ಬೇಡ ಅನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸೆನ್ಸುದಾರರಿಗೆ ಎರಡೇ ಕೋವಿ. ಮೊದಲು ಮೂರು ಇತ್ತು. ಅಪ್ಪನಿಂದ ಬಂದ ಕೋವಿಯೂ ಈ ಲೆಕ್ಕಕ್ಕೇ ಸೇರುತ್ತದೆ. ಉಳಿದ ಒಂದು ಜಾಗಕ್ಕೆ ಗುಜರಿ ತಂದಿಟ್ಟರೆ ಅದನ್ನು ಮಾರಿ ಖಾಲಿ ಮಾಡುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಇನ್ನು ಸೆಕೆಂಡ್ ಹ್ಯಾಂಡ್ ಜೋಡು ನಳಿಗೆ. ಇಲ್ಲೇ ಒಳ್ಳೆಯ ಮಾಲೂ ಸಿಗುವುದು, ಟೋಪಿ ಬೀಳುವುದೂ ಇಲ್ಲೇ. ಕೋವಿ ಕೈಗೆ ಬಂದ ತಕ್ಷಣ ಮುರಿದು, ಅಂದರೆ ಕೀಲಿನಲ್ಲಿ ಬಾಗಿಸಿ ತೆರೆದು, ಎರಡೂ ನಳಿಗೆ ಖಾಲಿ ಇದೆಯೇ ನೋಡಿ. ಮಾರುವವರು ಎಷ್ಟೇ ನಂಬಿಕಸ್ತರಾದರೂ ಸರಿ. ಆಮೇಲೆ ಮುಂದಿನ ಮರದ ತುಂಡನ್ನು, ಅಂದರೆ ಫೋರೆಂಡನ್ನು, ಕಳಚಿ ಕೋವಿ ಮುಚ್ಚಿ. ಒಂದು ಕೈಯಲ್ಲಿ ಕೋವಿಯ ಮರದ ಹಿಡಿಯನ್ನೂ ಇನ್ನೊಂದರಲ್ಲಿ ನಳಿಗೆಯನ್ನೂ ಹಿಡಿದು ಅತ್ತಿತ್ತ, ಮೇಲೆ ಕೆಳಗೆ ಅಲ್ಲಾಡಿಸಿ. ಸಣ್ಣದಾಗಿ ‘ಕಟಕ್’ ಅಂದರೂ ಕೀಲು ಸವೆದಿದೆ ಎಂದರ್ಥ. ಫೋರೆಂಡ್ ಹಾಕಿಯೇ ನೋಡಿದರೆ ಅದರ ಸ್ಪ್ರಿಂಗು ಈ ಸಡಿಲವನ್ನು ಮುಚ್ಚಿಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಮುಚ್ಚಿದ ಕೋವಿಯನ್ನು ಬೆಳಕಿಗೆ ಹಿಡಿದು ನಳಿಗೆಯ ಹಿಂಭಾಗಕ್ಕೂ ಆ್ಯಕ್ಷನ್‌ನ (ನಳಿಗೆ ಕೂರುವ ಲೋಹದ ಭಾಗದ) ಮುಖಕ್ಕೂ ನಡುವೆ ನೋಡಿ. ಬೆಳಕಿನ ಗೆರೆ ಕಂಡರೆ ಅಲ್ಲಿಗೇ ಬಿಡಿ, ಇಲ್ಲವೇ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಕೋವಿ ತೆರೆಯುವ ಮೇಲಿನ ಲಿವರ್ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಗಮನಿಸಿ. ಹೊಸ ಕೋವಿಯಲ್ಲಿ ಅದು ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲುತ್ತದೆ, ಸವೆದ ಹಾಗೆಲ್ಲ ನಡುವಿಗೆ ಬರುತ್ತದೆ. ಎಡಕ್ಕೆ ದಾಟಿದ್ದರೆ ನಳಿಗೆಯನ್ನು ಕಚ್ಚಿ ಹಿಡಿಯುವ ಬೋಲ್ಟು ಮುಗಿದ ಹಾಗೆಯೇ.

ನಳಿಗೆ ಕಳಚಿ, ಆಕಾಶದ ಕಡೆ ಹಿಡಿದು ಒಳಗೆ ನೋಡಿ. ಒಳಗೋಡೆಯ ಮೇಲೆ ಬೆಳಕು ನೆರಳಿನ ಉಂಗುರಗಳು ಒಂದರೊಳಗೊಂದು ಗುಂಡಗೆ ಕಾಣಬೇಕು. ಉಂಗುರ ಒಂದು ಕಡೆ ಚಪ್ಪಟೆಯಾಗಿದ್ದರೆ ತಗ್ಗು ಬಿದ್ದಿದೆ. ಸುತ್ತಲೂ ಕಪ್ಪು ಪಟ್ಟಿ ಕಂಡರೆ ಅಲ್ಲಿ ನಳಿಗೆ ಉಬ್ಬಿದೆ. ಯಾವತ್ತೋ ಮಣ್ಣೋ ಚಿಂದಿಯೋ ಕಟ್ಟಿಕೊಂಡಿದ್ದಾಗ ಹೊಡೆದ ಗುರುತು ಅದು. ತಗ್ಗನ್ನು ಎತ್ತಿಸಬಹುದು, ಉಬ್ಬಿದ್ದನ್ನು ಮಾತ್ರ ಕೊಳ್ಳಬೇಡಿ. ಬಾಯಿಯ ಹತ್ತಿರ ಒಂದೆರಡು ತುಕ್ಕಿನ ಚುಕ್ಕೆ ಇದ್ದರೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೋಟೆ ಕೂರುವ ಕೋಣೆಯಿಂದ ಮುಂದಿನ ಏಳೆಂಟು ಇಂಚಿನಲ್ಲಿ ಆಳದ ಗುಳಿಗಳಿದ್ದರೆ ಬೇರೆ ಮಾತು, ಒತ್ತಡ ಹೆಚ್ಚು ಬೀಳುವುದು ಅಲ್ಲೇ. ನಳಿಗೆಯನ್ನು ಅದರ ಕೊಕ್ಕೆಯಿಂದ ಬೆರಳಿಗೆ ತೂಗುಹಾಕಿ ಉಗುರಿನಿಂದ ತಟ್ಟಿ ನೋಡಿ. ಕಂಚಿನ ಗಂಟೆಯ ಹಾಗೆ ನಾದ ಹೊರಟರೆ ನಡುವಿನ ಪಟ್ಟಿಯ ಬೆಸುಗೆ ಗಟ್ಟಿ ಇದೆ. ‘ದಬ್’ ಎಂದರೆ ಬೆಸುಗೆ ಬಿಟ್ಟಿದೆ, ಒಳಗೆ ನೀರು ಸೇರಿ ಕಾಣದ ಕಡೆ ತುಕ್ಕು ಹಿಡಿಯುತ್ತಿರುತ್ತದೆ.

ಬಾಯಿಯ ಕಡೆ ಎರಡು ನಳಿಗೆಗಳ ನಡುವೆ ಅಂತರ ಇದ್ದು ಅದನ್ನು ಸೀಸದಿಂದ ತುಂಬಿದ್ದರೆ ನಳಿಗೆ ಕೊಯ್ದಿದ್ದಾರೆ ಅಂತ ತಿಳಿಯಿರಿ. ಅಂಥದ್ದರಲ್ಲಿ ಚೋಕ್, ಅಂದರೆ ಚರೆ ಹರಡದಂತೆ ಬಾಯಿಯ ಹತ್ತಿರ ನಳಿಗೆಯನ್ನು ತುಸು ಕಿರಿದು ಮಾಡಿದ ಭಾಗ, ಉಳಿದಿರುವುದಿಲ್ಲ. ಮೇಲಾಗಿ ಅನುಮತಿ ಇಲ್ಲದೆ ನಳಿಗೆ ಮೊಟಕು ಮಾಡುವುದೇ ಅಪರಾಧ.

ಲಾಕ್ ಪರೀಕ್ಷೆಗೆ ಡಮ್ಮಿ ತೋಟೆ, ಅಂದರೆ ಸ್ನ್ಯಾಪ್ ಕ್ಯಾಪ್, ಬೇಕು. ಖಾಲಿ ಕೋವಿಯ ಕುದುರೆ ಬಡಿಸುತ್ತಾ ಹೋದರೆ ಪಿನ್ನು ಮುರಿಯಬಹುದು. ಸೇಫ್ಟಿ ಹಾಕಿ, ಟ್ರಿಗರ್ ಬಲವಾಗಿ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ಆಗ ಕುದುರೆ ತಾನಾಗಿ ಬಿದ್ದರೆ ಆ ಕೋವಿ ಮನೆಯೊಳಗೆ ಇಡಲೂ ಲಾಯಕ್ಕಲ್ಲ. ಹಾಗೆಯೇ ಕುದುರೆ ಏರಿಸಿ, ಹಿಡಿಯ ತುದಿಯನ್ನು ರಬ್ಬರ್ ಮ್ಯಾಟ್ ಮೇಲೆ ಮೆಲ್ಲಗೆ ಕುಟ್ಟಿ, ಬೀಳಬಾರದು. ಟ್ರಿಗರ್ ಎಳೆತ ಒಂದೂವರೆಯಿಂದ ಎರಡು ಕಿಲೋ ಆಸುಪಾಸು ಇದ್ದರೆ ಸರಿ. ಅದಕ್ಕಿಂತ ತೀರಾ ಹಗುರ ಇದ್ದರೆ ಯಾರೋ ಅರ ಹಾಕಿದ್ದಾರೆ. ಆ ಕೋವಿಯಲ್ಲಿ ಹೊಡೆದ ಖಾಲಿ ತೋಟೆ ಸಿಕ್ಕರೆ ಕೇಳಿ ಇಸಿದುಕೊಳ್ಳಿ, ಅದರ ಬುಡದಲ್ಲಿ ಪಿನ್ನು ಬಡಿಯುವ ಕೇಪು ಬಹಳ ಹೇಳುತ್ತದೆ. ಪಿನ್ನಿನ ಗುಳಿ ನಟ್ಟನಡುವೆ, ಆಳವಾಗಿ, ಗುಂಡಗೆ ಇರಬೇಕು. ಆಳವಿಲ್ಲದಿದ್ದರೆ ಸ್ಪ್ರಿಂಗು ಸೋತಿದೆ, ಒದ್ದೆ ದಿನ ಬಂದರೆ ತೋಟೆ ಹೊಡೆಯದೆ ಕೈಕೊಡುತ್ತದೆ. ಕೇಪು ತೂತಾಗಿದ್ದರೆ ಪಿನ್ನು ಚೂಪಾಗಿದೆ, ಹೊಗೆ ಹಿಂದಕ್ಕೆ ಕಣ್ಣಿಗೆ ಹೊಡೆಯುತ್ತದೆ. ಹಿಡಿಯ ಮರ ಆ್ಯಕ್ಷನ್‌ಗೆ ಸೇರುವ ಕಡೆ ಕೂದಲೆಳೆ ಬಿರುಕು ಇದೆಯೇ ಅನ್ನುವುದನ್ನು ಎಣ್ಣೆ ಒರೆಸಿಯೇ ನೋಡಬೇಕು.

ಹಳೆಯ ವಿಲಾಯ್ತಿ ಕೋವಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು ತೋಟೆ ಕೋಣೆಯ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಅದು ಹೆಚ್ಚಾಗಿ 65 ಮಿ.ಮೀ., ಅಂದರೆ ಎರಡೂವರೆ ಇಂಚು. ಈಗಿನವು 70 ಮಿ.ಮೀ. ಡಬ್ಬಿಯ ಮೇಲೆ ಬರೆದ 70 ಅನ್ನುವುದು ಹೊಡೆದು ಬಾಯಿ ಬಿಚ್ಚಿದ ಮೇಲಿನ ಅಳತೆ. ಮಡಿಕೆ ಬಾಯಿಯ ತೋಟೆ ಹೊಡೆಯುವ ಮೊದಲು ಅದಕ್ಕಿಂತ ಗಿಡ್ಡ, ಆದ್ದರಿಂದ 65ರ ಕೋಣೆಯಲ್ಲೂ ಸಲೀಸಾಗಿ ಕೂರುತ್ತದೆ. ‘ಕೂತಿತಲ್ಲ, ಸರಿಹೋಯಿತು’ ಅಂದುಕೊಳ್ಳುವುದೇ ಎಡವಟ್ಟು. ಹೊಡೆದಾಗ ಬಾಯಿಗೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆಯ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ನಳಿಗೆಯ ಅಡಿಯಲ್ಲಿ 2½, 2¾, 65, 70 ಇಂಥ ಗುರುತು ಹುಡುಕಿ. ಇಲ್ಲದಿದ್ದರೆ ಗೇಜ್ ಹಾಕಿ ಅಳೆಸಿ. ಅಲ್ಲೇ ನೈಟ್ರೋ ಪ್ರೂಫ್ ಮುದ್ರೆಯೂ, ಅಂದರೆ ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆ ಮಾಡಿದ ಗುರುತೂ, ಇರಬೇಕು. ನಳಿಗೆಯ ಮೈಮೇಲೆ ಸುರುಳಿ ಸುರುಳಿ ಗೆರೆ ಇದ್ದರೆ ಅದು ಡಮಾಸ್ಕಸ್, ಅಂದರೆ ಲೋಹದ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ನಳಿಗೆ. ಗೋಡೆಗೆ ಚೆಂದ, ಈಗಿನ ತೋಟೆ ಹಾಕುವುದು ಬೇಡ.

ಆರ್ಡ್‌ನೆನ್ಸ್ ಫ್ಯಾಕ್ಟರಿಯ ಪಂಪ್ ಆ್ಯಕ್ಷನ್ ಗಟ್ಟಿಮುಟ್ಟು, 70ರ ತೋಟೆಗೆ ಹೇಳಿಮಾಡಿಸಿದ್ದು, ಸಾಲಾಗಿ ಹಲವು ಈಡು ಸಿಗುತ್ತದೆ. ಆದರೆ ಪಂಪನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಎಳೆಯುವ ಅಭ್ಯಾಸ ಬೇಕು; ಗಾಬರಿಯಲ್ಲಿ ಅರ್ಧಕ್ಕೇ ಬಿಟ್ಟರೆ ಖಾಲಿ ತೋಟೆ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗೆ ತೋಟೆ ಇದೆಯೋ ಇಲ್ಲವೋ ಜೋಡು ಕೋವಿಯಲ್ಲಿ ಮುರಿದ ತಕ್ಷಣ ಎದುರಿಗೇ ಕಾಣುತ್ತದೆ, ಇದರಲ್ಲಿ ಕೋಣೆ, ಮ್ಯಾಗಜಿನ್ ಎರಡನ್ನೂ ನೋಡಬೇಕು. ಮನೆಯಲ್ಲಿ ಹಲವರು ಮುಟ್ಟುವ ಕೋವಿಯಾದರೆ ಈ ಒಂದು ಕಾರಣಕ್ಕೇ ಜೋಡು ನಳಿಗೆ ಮೇಲು.

.315 ರೈಫಲ್ ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಫ್ಯಾಕ್ಟರಿಯದು. 2021ರಿಂದ ಅದು ಕಾನ್ಪುರದ ಸರ್ಕಾರಿ ಕಂಪನಿ ಎಡಬ್ಲ್ಯೂಇಐಎಲ್‌ (ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ) ಅಡಿ ಬರುತ್ತದೆ. ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್, ಐದು ಗುಂಡಿನ ಮ್ಯಾಗಜಿನ್. .303 ನಮ್ಮಲ್ಲಿ ನಿಷೇಧಿತ ಬೋರ್ ಆದ್ದರಿಂದ ಸಾರ್ವಜನಿಕರಿಗೆ ಕೈಗೆಟಕುವ ದೊಡ್ಡ ರೈಫಲ್‌ಗಳಲ್ಲಿ ಇದೊಂದು. ಹಾಕಿದ ದುಡ್ಡಿಗೆ ಇದರಷ್ಟು ಬಾಳುವ ಯಂತ್ರ ಬೇರೆ ಇಲ್ಲ. ಮರಗೆಲಸ ಒರಟು, ಟ್ರಿಗರ್ ಭಾರ, ಅವೆರಡನ್ನೂ ಸಹಿಸಿಕೊಳ್ಳಬಹುದು. ಹಳೆಯದನ್ನು ಕೊಳ್ಳುವಾಗ ಬೋಲ್ಟಿನ ಮೇಲಿನ ನಂಬರೂ ರೈಫಲ್ ನಂಬರೂ ಒಂದೇ ಇರಬೇಕು. ಬೇರೆ ರೈಫಲಿನ ಬೋಲ್ಟ್ ತಂದು ಹಾಕಿದ್ದರೆ ತೋಟೆಯ ಹಿಂದಿನ ಸಂದು ಹೆಚ್ಚಾಗಿ ಖಾಲಿ ತೋಟೆ ಸೀಳುತ್ತದೆ. ನಳಿಗೆಯ ಬಾಯಿ ಅಂಚು ಸವೆದು ಮೊಟ್ಟೆಯಾಕಾರವಾಗಿದ್ದರೆ ಗುರಿ ನಿಲ್ಲುವುದಿಲ್ಲ. ಕಬ್ಬಿಣದ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ ಉಜ್ಜಿದವರ ಕೆಲಸ ಅದು. ಗುರಿ ದಿನಕ್ಕೊಂದು ಕಡೆ ಹೋಗುತ್ತಿದ್ದರೆ ಸೈಟನ್ನು ದೂರುವ ಮೊದಲು ಮರಕ್ಕೆ ಬಿಗಿಯುವ ಸ್ಕ್ರೂ ನೋಡಿ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಅವು ಸಡಿಲಾಗುತ್ತವೆ.

ಇಷ್ಟೆಲ್ಲ ಹೊಗಳಿಯೂ ಕಾಫಿ, ಅಡಿಕೆ ತೋಟಕ್ಕೆ ಇದನ್ನು ಶಿಫಾರಸು ಮಾಡುವುದಿಲ್ಲ. ಇದರ ಗುಂಡು ಎರಡು ಕಿಲೋಮೀಟರ್ ದಾಟಿಯೂ ಹೋಗಬಲ್ಲದು, ನಡುವೆ ಲೈನ್ ಮನೆ, ರಸ್ತೆ, ಪಕ್ಕದ ತೋಟದ ಆಳುಗಳು. ಚರೆಯ ಲೆಕ್ಕ ಬೇರೆ: ಚರೆಯ ಅಡ್ಡಳತೆಯನ್ನು ಇಂಚಿನಲ್ಲಿ ಹಿಡಿದು 2200ರಿಂದ ಗುಣಿಸಿದರೆ ಅದು ಹೋಗಬಲ್ಲ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. 6 ನಂಬರ್ ಚರೆ ಸುಮಾರು 225 ಗಜ, ಅದಕ್ಕಿಂತ ದಪ್ಪದ ಬಿಬಿ 350, ಇನ್ನೂ ದಪ್ಪದ ಎಸ್‌ಜಿ 700ರ ಮೇಲೆ. ಹೆದರಿಸಿ ಓಡಿಸಲು 6 ನಂಬರ್ ಸಾಕು. ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ಕಾವಲಿನ ಲೈಸೆನ್ಸ್ ಅಂದರೆ ಬೇಟೆಯ ಪರವಾನಗಿ ಅಲ್ಲ, ಕಾಡುಹಂದಿಯ ಬೇಟೆಗೂ ಅಲ್ಲ. ಕಾನೂನೂ ನಯ ನಳಿಗೆಯ, ಅಂದರೆ ರೈಫಲಿನಂತೆ ಒಳಗೆ ಸುರುಳಿ ಗೀರುಗಳಿಲ್ಲದ ನಳಿಗೆಯ, ಕಡೆಗೇ ವಾಲಿದೆ: ಆಯುಧ ಕಾಯ್ದೆಯ 13ನೇ ಕಲಮು 20 ಇಂಚಿಗೆ ಕಡಿಮೆಯಿಲ್ಲದ ನಯ ನಳಿಗೆ ಕೋವಿಯನ್ನು ರಕ್ಷಣೆಗೆ ಕೇಳಿದವರಿಗೆ ದಾರಿ ಸಲೀಸು ಮಾಡುತ್ತದೆ. ರೈಫಲಿಗಾದರೆ ತಕ್ಕ ಕಾರಣ ತೋರಿಸಬೇಕು.

ಚೋಕ್ ಸರಿಯಿದೆಯೇ ಎಂದು ರೇಂಜಿನಲ್ಲಿ ಕಾಗದಕ್ಕೆ ಹೊಡೆದು ನೋಡಬಹುದು. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ನೂರಕ್ಕೆ 70 ಚರೆ ಬಿದ್ದರೆ ಫುಲ್ ಚೋಕ್, 60 ಬಿದ್ದರೆ ಹಾಫ್, 40 ಆದರೆ ಚೋಕೇ ಇಲ್ಲದ ಸಿಲಿಂಡರ್. ತೋಟದ ಕೆಲಸಕ್ಕೆ ಒಂದು ನಳಿಗೆ ಸಿಲಿಂಡರ್ ಹತ್ತಿರ, ಇನ್ನೊಂದು ಹಾಫ್ ಇದ್ದರೆ ಧಾರಾಳ.

ಕಾಗದದ ವಿಷಯ ಚುಟುಕಾಗಿ. ಖಾಸಗಿಯವರಿಂದ ಕೊಳ್ಳುವುದಾದರೆ ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ ಕೋವಿ ಕೈ ಬದಲಾಗಬೇಕು. ಅದಕ್ಕೆ ಮೊದಲು ಪೂರ್ತಿ ಹಣ ಕೊಡಬೇಡಿ. ನಳಿಗೆ, ಆ್ಯಕ್ಷನ್, ಫೋರೆಂಡ್ ಮೂರರ ನಂಬರನ್ನೂ ಲೈಸೆನ್ಸಿನ ಜೊತೆ ತಾಳೆ ನೋಡಿ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ 2029ರ ಅಕ್ಟೋಬರ್ ತನಕ ಇದೆ. ಅಲ್ಲೂ ವಿನಾಯಿತಿ ಪತ್ರದಲ್ಲಿ ಕೋವಿಯ ವಿವರ ಸರಿಯಾಗಿ ಕೂತಿರಬೇಕು.

ಚುನಾವಣೆ ಬಂತೆಂದರೆ ಕೋವಿ ಠಾಣೆಗೋ ಡೀಲರ್ ಹತ್ತಿರವೋ ಹೋಗುತ್ತದೆ, ವಾಪಸು ಬರಲು ತಿಂಗಳುಗಳೇ ಆಗಬಹುದು. ಕೊಡುವ ಮೊದಲು ನಳಿಗೆಯನ್ನು ಒಳಗೂ ಹೊರಗೂ ಒಣಗಿಸಿ ದಪ್ಪ ಗನ್ ಎಣ್ಣೆ ಸವರಿ. ಚರ್ಮದ ಚೀಲದಲ್ಲಿ ಹಾಕಿ ಕೊಡಬೇಡಿ, ತೇವ ಹೀರಿಕೊಂಡು ಅದೇ ತುಕ್ಕು ತರುತ್ತದೆ. ರಸೀದಿಯಲ್ಲಿ ನಂಬರಿನ ಜೊತೆಗೆ ಈಗಾಗಲೇ ಇರುವ ಗೀರು, ಬಿರುಕುಗಳನ್ನೂ ಬರೆಸಿಕೊಳ್ಳಿ. ವಾಪಸು ತಂದ ದಿನ ತೋಟೆ ಹಾಕುವ ಮೊದಲು ಕೋವಿ ಮುರಿದು ನಳಿಗೆಯೊಳಗೆ ಬೆಳಕು ಹಾಯುತ್ತದೆಯೇ ನೋಡಿ. ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿರುವುದು ಅಪರೂಪವಲ್ಲ, ನಳಿಗೆ ಸಿಡಿಯಲು ಅಷ್ಟು ಮಣ್ಣೇ ಸಾಕು.