ಪದ್ಮಿನಿಯ ವೈರಿಂಗ್‌ಗೆ ಟೆಸ್ಟ್ ಲ್ಯಾಂಪೋ, ಮಲ್ಟಿಮೀಟರೋ?

ಹಳೆ ಪ್ರೀಮಿಯರ್ ಪದ್ಮಿನಿಯ ವೈರಿಂಗ್ ಕೆಟ್ಟರೆ ನಾನು ಮೊದಲು ಎತ್ತಿಕೊಳ್ಳುವುದು ಟೆಸ್ಟ್ ಲ್ಯಾಂಪನ್ನೇ, ಅಂದರೆ ಎರಡು ವೈರ್ ಕಟ್ಟಿದ ಬಲ್ಬನ್ನು. ವೋಲ್ಟ್, ಕರೆಂಟ್ ಅಳೆಯುವ ಡಿಜಿಟಲ್ ಮಲ್ಟಿಮೀಟರನ್ನೂ ಕೊಂಡಿದ್ದೇನೆ, ಚೆನ್ನಾಗಿಯೇ ಇದೆ. ಆದರೂ ಈ ಕಾರಿಗೆ ಲ್ಯಾಂಪೇ ಸರಿ.

ಮಳೆಗಾಲದಲ್ಲಿ ಬಲಗಡೆ ಬ್ರೇಕ್ ಲೈಟ್ ಹೋಯ್ತು. ಬಲ್ಬ್ ಹೊಸದು, ಅರ್ಥ್ ಪಾಯಿಂಟನ್ನೂ (ವೈರ್ ಕಾರಿನ ಬಾಡಿಗೆ ಸೇರುವ ಜಾಗ) ಉಜ್ಜಿ ಬಿಗಿ ಮಾಡಿಯಾಗಿತ್ತು. ಪೆಡಲಿಗೆ ಕೋಲು ಕೊಟ್ಟು, ಬಲ್ಬ್ ತೆಗೆದು ಹೋಲ್ಡರ್‌ಗೆ ಮೀಟರ್ ಇಟ್ಟರೆ 12.3 ವೋಲ್ಟ್. ಇದನ್ನು ನಂಬಿದರೆ ವೈರ್ ಸರಿಯಿದೆ ಅಂತಲೇ ಅರ್ಥ, ಅಲ್ವಾ?

ಅದೇ ಜಾಗಕ್ಕೆ 21 ವ್ಯಾಟ್ ಬಲ್ಬಿನ ಟೆಸ್ಟ್ ಲ್ಯಾಂಪ್ ಹಿಡಿದೆ. ಒಳಗಿನ ತಂತಿ ಕೆಂಪಗೂ ಆಗಲಿಲ್ಲ. ಅಗ್ಗದ ಮೀಟರಿನ ಒಳಗೂ ಸುಮಾರು 10 ಲಕ್ಷ ಓಮ್ ತಡೆ ಇರುತ್ತದೆ. ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಕಿಲುಬು ಹಿಡಿದು ಹೆಸರಿಗಷ್ಟೇ ಅಂಟಿಕೊಂಡ ತಾಮ್ರವೂ ಅಷ್ಟನ್ನು ದಾಟಿಸಿಬಿಡುತ್ತದೆ. ಬಲ್ಬ್ ಹಾಗಲ್ಲ, ಒಂದೂಮುಕ್ಕಾಲು ಆಂಪ್ ಕೇಳುತ್ತದೆ. ಕೆಟ್ಟ ಜಾಯಿಂಟ್ ಸಿಕ್ಕಿಬೀಳುವುದು ಅಲ್ಲೇ.

ವೈರಿನ ಗುಂಟ ಮುಂದಕ್ಕೆ ಬಂದೆ. ಡಿಕ್ಕಿಯ ಮೂಲೆಯಲ್ಲಿ ಲ್ಯಾಂಪ್ ಸುಮ್ನಿತ್ತು, ಸೀಟಿನ ಹಿಂದೆ ಜೋರಾಗಿ ಉರಿಯಿತು. ನಡುವೆ ಯಾವ ಕಾಲದಲ್ಲೋ ಸುತ್ತಿದ್ದ ಟೇಪ್. ಬಿಚ್ಚಿದರೆ ಇಲಿಹಲ್ಲಿನ ಗುರುತು, ಒಳಗೆ ಹಸಿರು ಪುಡಿ. ತಾಮ್ರ ಕೆಂಪಗೆ ಕಾಣುವವರೆಗೆ ಎರಡೂ ಕಡೆ ಕತ್ತರಿಸಿ, ಅದೇ ದಪ್ಪದ ತುಂಡು ಬೆಸೆದು, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ಹಾಕಿದೆ. ಲೈಟ್ ಬಂತು.

ಮೀಟರಿನಲ್ಲೂ ಇದನ್ನು ಹಿಡಿಯಬಹುದು. ಬಲ್ಬ್ ಹಾಕಿ, ಬ್ರೇಕ್ ಒತ್ತಿಟ್ಟು, ಬ್ಯಾಟರಿ ಪ್ಲಸ್‌ಗೂ ಹೋಲ್ಡರ್‌ಗೂ ನಡುವೆ ಎಷ್ಟು ವೋಲ್ಟ್ ಬೀಳುತ್ತಿದೆ ನೋಡಬೇಕು. ಬಾನೆಟ್‌ನಿಂದ ಡಿಕ್ಕಿಯವರೆಗೆ ಉದ್ದಕ್ಕೂ ವೈರ್ ಎಳೆಯುವ ತಾಳ್ಮೆ ಇದ್ದವರಿಗೆ ಅದು.

ಪದೇ ಪದೇ ಫ್ಯೂಸ್ ಹೋಗುವಾಗಲೂ ಲ್ಯಾಂಪೇ ವಾಸಿ. ಆ ಸಾಲಿನ ಬಲ್ಬ್‌ಗಳನ್ನೆಲ್ಲ ಕಳಚಿ, ಫ್ಯೂಸಿನ ಜಾಗಕ್ಕೆ ಲ್ಯಾಂಪ್ ಕೊಡಿ. ಶಾರ್ಟ್ ಇದ್ದರೆ ಅದು ಉರಿಯುತ್ತದೆ. ಆಮೇಲೆ ವೈರ್ ಅಲುಗಾಡಿಸುತ್ತಾ ಹೋಗಿ. ಎಲ್ಲಿ ಲ್ಯಾಂಪ್ ಆರುತ್ತದೋ ಶಾರ್ಟ್ ಅಲ್ಲೇ ಇದೆ. ಫ್ಯೂಸ್ ಸುಡುವ ಖರ್ಚೂ ಇಲ್ಲ.

ಚಾರ್ಜಿಂಗ್ ನೋಡಲು, ನಿಂತ ಕಾರಿನ ಬ್ಯಾಟರಿ ಯಾಕೆ ಇಳಿಯುತ್ತಿದೆ ಅಂತ ತಿಳಿಯಲು ಮೀಟರೇ ಬೇಕು. ಇಸಿಯು (ಇಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಇರುವ ಕಾರಿಗಂತೂ ಈ ಬಲ್ಬ್ ಮುಟ್ಟಿಸಲೇಬೇಡಿ.

ನನ್ನ ಲ್ಯಾಂಪ್ ಹಳೆ ಇಂಡಿಕೇಟರ್ ಹೋಲ್ಡರ್, ಎರಡು ವೈರ್, ಒಂದು ಕ್ರೊಕೊಡೈಲ್ ಕ್ಲಿಪ್, ಅಷ್ಟೇ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲು ಇದನ್ನೇ ಮಾಡಿಕೊಳ್ಳಿ, ಮೀಟರಿನ ದುಡ್ಡನ್ನು ಸದ್ಯಕ್ಕೆ ಒಳ್ಳೆ ತಾಮ್ರದ ವೈರಿಗೆ ಹಾಕಿ.