ಬ್ರಿಜೆಟ್ ಜೋನ್ಸ್‌ಳ ಮಗು: ಪುಸ್ತಕವೋ, ಸಿನಿಮಾವೋ?

ನನ್ನ ಎರಡನೇ ಮಗು ನಾವು ಬೇಕು ಅಂತ ಕಾದು ಹುಟ್ಟಿದ್ದಲ್ಲ. ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಆ ಪುಟ್ಟ ಕಡ್ಡಿಯ ಮೇಲೆ ಎರಡನೇ ಗೆರೆ ಮೆಲ್ಲಗೆ ಮೂಡುವುದನ್ನು ನೋಡುತ್ತಾ ನಿಂತಿದ್ದೆ. ಖುಷಿಗಿಂತ ಮೊದಲು ಬಂದದ್ದು ಭಯ. ಹಾಗಾಗಿ ಹೆಲೆನ್ ಫೀಲ್ಡಿಂಗ್ ಅವರ 'ಬ್ರಿಜೆಟ್ ಜೋನ್ಸಸ್ ಬೇಬಿ' ನನಗೆ ಬರೀ ನಗೆ ಕಾದಂಬರಿ ಆಗಲಿಲ್ಲ. ಅದೇ ಹೆಸರಿನ ಸಿನಿಮಾವೂ ಪುಸ್ತಕವೂ 2016ರಲ್ಲೇ ಬಂದವು. ಹೋದ ವಾರ ಒಂದರ ಹಿಂದೆ ಒಂದು ಎರಡನ್ನೂ ಮುಗಿಸಿದೆ.

ಎಳೆ ಒಂದೇ. ಲಂಡನ್ನಿನ ಬ್ರಿಜೆಟ್ ಬಸುರಿ. ಅಪ್ಪ ಯಾರು ಅಂತ ಅವಳಿಗೇ ಗೊತ್ತಿಲ್ಲ. ಇಬ್ಬರಲ್ಲಿ ಒಬ್ಬ ಅವಳ ಹಿಂದಿನ ಪ್ರೇಮಿ ಮಾರ್ಕ್ ಡಾರ್ಸಿ. ಇನ್ನೊಬ್ಬ ಪುಸ್ತಕದಲ್ಲಿ ಬ್ರಿಜೆಟ್‌ಳ ಹಿಂದಿನ ಕಥೆಗಳಲ್ಲೂ ಇದ್ದ, ಅವಳ ಇನ್ನೊಬ್ಬ ಹಳೇ ಪ್ರೇಮಿ ಡೇನಿಯಲ್ ಕ್ಲೀವರ್, ಸಿನಿಮಾದಲ್ಲಿ ಜಾಕ್ ಅನ್ನುವ ಹೊಸಬ.

ನನ್ನ ಮಟ್ಟಿಗೆ ಎಲ್ಲ ವ್ಯತ್ಯಾಸ ಇಲ್ಲೇ ಇದೆ. ಮಾರ್ಕ್‌ನ ಮೊದಲ ಮದುವೆ ಮುರಿದದ್ದೇ ಡೇನಿಯಲ್‌ನಿಂದ. ಹುಟ್ಟುವ ಮಗು ಅದೇ ಡೇನಿಯಲ್‌ನದ್ದೂ ಆಗಿರಬಹುದು ಅಂದರೆ ಹಳೇ ಗಾಯವನ್ನು ಮತ್ತೆ ಕೆದಕಿದ ಹಾಗೆ ಅಲ್ವಾ? ಜಾಕ್ ಒಳ್ಳೆಯವನು, ಡೇಟಿಂಗ್ ವೆಬ್‌ಸೈಟ್ ನಡೆಸಿ ಶ್ರೀಮಂತನಾದವನು. ಆದರೆ ಅವನಿಗೂ ಮಾರ್ಕ್‌ಗೂ ಹಿಂದಿನ ಲೆಕ್ಕ ಯಾವುದೂ ಇಲ್ಲ. ಅದಕ್ಕೇ ಸಿನಿಮಾ ಎಷ್ಟೋ ಕಡೆ ಯಾವ ಗಂಡಸು ಗೆಲ್ಲುತ್ತಾನೆ ಅನ್ನುವ ಪಂದ್ಯದ ಹಾಗೆ ಓಡುತ್ತದೆ. ತಾಯಿಯಾಗುವವಳು ಬದಿಗೆ ಸರಿಯುತ್ತಾಳೆ.

ನಗುವಿನಲ್ಲಿ ಮಾತ್ರ ಸಿನಿಮಾದ್ದೇ ಮೇಲುಗೈ. ಡಾಕ್ಟರ್ ಆಗಿ ಎಮ್ಮಾ ಥಾಂಪ್ಸನ್ ಇದ್ದಾರೆ, ಚಿತ್ರಕಥೆಯಲ್ಲೂ ಅವರ ಕೈಯಿದೆ. ಒಂದೇ ಸ್ಕ್ಯಾನನ್ನು ಎರಡು ಸಲ ಮಾಡಿ, ಒಬ್ಬೊಬ್ಬ 'ಅಪ್ಪ'ನಿಗೂ ಇದೇ ಮೊದಲು ಅನ್ನುವ ಹಾಗೆ ಮಗುವನ್ನು ತೋರಿಸುವಾಗ ಅವರ ಮುಖ ನೋಡಬೇಕು. ಹೆರಿಗೆ ನೋವಿನಲ್ಲಿರುವ ಬ್ರಿಜೆಟ್‌ಳನ್ನು ಇಬ್ಬರೂ ಹೊತ್ತುಕೊಂಡು ಬಂದು ಆಸ್ಪತ್ರೆಯ ತಿರುಗುವ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವುದಂತೂ ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ಹೊಟ್ಟೆ ನೋಯುವಷ್ಟು ನಕ್ಕೆ.

ಆದರೂ ನನ್ನ ಓಟು ಪುಸ್ತಕಕ್ಕೇ. ಅದು ಡೈರಿ, ಅದೂ ಮಗನಿಗಾಗಿ ಬರೆದದ್ದು. ನಿನ್ನ ಹುಟ್ಟಿನ ಕಥೆ ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿದುಕೋ ಅನ್ನುವ ಭಾವ ಅದರಲ್ಲಿದೆ. ತಪ್ಪು, ಭಯ, ಗೊಂದಲ ಎಲ್ಲವನ್ನೂ ಅಮ್ಮ ಮಗುವಿನ ಮುಂದೆ ಬಿಚ್ಚಿಡುತ್ತಾಳೆ. ಸಿನಿಮಾದಲ್ಲಿ ನನಗೆ ಈ ಸಲಿಗೆ ಸಿಗಲಿಲ್ಲ. ಪುಸ್ತಕ ತೆಳ್ಳಗಿದೆ, ಕೆಲವು ಕಡೆ ಅವಸರದಲ್ಲಿ ಮುಗಿಸಿದ ಹಾಗಿದೆ ನಿಜ. ಅದು ನನಗೆ ಜಾಸ್ತಿ ಅಡ್ಡಿಯಾಗಲಿಲ್ಲ.

ಸುಸ್ತಾದ ಸಂಜೆ ಸುಮ್ನೆ ನಗಬೇಕಾದರೆ ಸಿನಿಮಾ ಹಾಕಿಕೊಳ್ಳಿ. ಹೊಟ್ಟೆಯಲ್ಲಿ ಮಗು, ಎದೆಯಲ್ಲಿ ಪುಕಪುಕ ಅಂತಿದ್ದರೆ ಪುಸ್ತಕ ಹಿಡಿಯಿರಿ.

ನನ್ನ ಎರಡನೆಯವಳಿಗೆ ಈಗ ಆರು ವರ್ಷ. ಆ ಬಚ್ಚಲುಮನೆಯ ಕಥೆ ಅವಳಿಗೆ ಇನ್ನೂ ಹೇಳಿಲ್ಲ. ಕೊನೆಯ ಪುಟ ಮುಗಿಸಿದ ರಾತ್ರಿ ಅವಳ ಹಳೇ ಡ್ರಾಯಿಂಗ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದೇನೆ. ಭಯಪಟ್ಟಿದ್ದೆ ಅನ್ನುವುದನ್ನೂ ಬರೆದಿದ್ದೇನೆ.